ಡೇರಿ ಲೆಕ್ಕದಿಂದ ಅಂಕಿಅಂಶ ಕಲಿಯಿರಿ

ಡೇಟಾ ಅನಾಲಿಸ್ಟ್ ಆಗಲು ಹೊರಟವರು ಮೊದಲ ದಿನವೇ ಪೈಥಾನ್ ಹಿಡಿಯುತ್ತಾರೆ. ಆತುರ ಬೇಡ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹೋಬಳಿಯವರಾದರೆ ಊರ ಡೇರಿಯ ಲೆಕ್ಕವನ್ನೇ ನೆನೆಯಿರಿ: ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು. ದಿನಕ್ಕೆರಡು ಹೊತ್ತು ಹೊಸ ಅಂಕಿ. (ಕೆಳಗಿನವು ಅಭ್ಯಾಸಕ್ಕೆಂದು ನಾನೇ ಹಿಡಿದ ಅಂಕಿಗಳು.)

ಹಂತ 1: ಅಂಕಿ ಹೇಗೆ ಬಂತೆಂದು ಕೇಳಿ
ನಿಂತ ಹಾಲಿನಲ್ಲಿ ಕೊಬ್ಬು ಮೇಲಕ್ಕೆ ಏರುತ್ತದೆ. ಕ್ಯಾನನ್ನು ಕಲಕದೆ ಮೇಲಿನಿಂದಲೇ ಸ್ಯಾಂಪಲ್ ತೆಗೆದರೆ ಫ್ಯಾಟ್ ಹೆಚ್ಚು ತೋರಿಸುತ್ತದೆ. ಹಾಗೆ ನೂರು ಸಲ ತೆಗೆದರೂ ತಪ್ಪು ತಗ್ಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೆ. ಓರೆಯಾದ ಮಾದರಿ ಎಂದರೆ ಇದೇ. ಯಾವ ಸಾಫ್ಟ್‌ವೇರೂ ಇದನ್ನು ಆಮೇಲೆ ನೆಟ್ಟಗೆ ಮಾಡಿಕೊಡದು.

ಹಂತ 2: ಖಾಲಿ ಬೇರೆ, ಸೊನ್ನೆ ಬೇರೆ
ಒಬ್ಬರು ಒಂದು ಹೊತ್ತು ಹಾಲು ಹಾಕಲಿಲ್ಲ. ಡೇರಿಗೆ ಅವರಿಂದ ಬಂದದ್ದು ಸೊನ್ನೆ, ನಿಜ. ಆದರೆ ಅವರ ಹಸು ಎಷ್ಟು ಕರೆಯಿತು ಎಂಬ ಪ್ರಶ್ನೆಗೆ ಅದು ಸೊನ್ನೆಯಲ್ಲ, ಗೊತ್ತಿಲ್ಲ. ಹಾಲನ್ನು ಮನೆಗೇ ಇಟ್ಟುಕೊಂಡಿರಬಹುದು. ಪ್ರಶ್ನೆ ನೋಡಿಕೊಂಡು ಪಟ್ಟಿಯ ಆ ಖಾಲಿ ಮನೆ ತುಂಬಿ.

ಹಂತ 3: ಸರಾಸರಿ, ಮಧ್ಯಾಂಕ
ಒಂಬತ್ತು ಜನ ಹಾಕಿದ ಲೀಟರ್: 4, 5, 5, 6, 6, 7, 8, 9, 40. ಒಟ್ಟು 90, ಸರಾಸರಿ 10. ಆದರೆ ಎಂಟು ಜನ ಹತ್ತನ್ನು ಮುಟ್ಟಿಯೇ ಇಲ್ಲ! ದೊಡ್ಡ ಕೊಟ್ಟಿಗೆಯವರೊಬ್ಬರು ಸರಾಸರಿಯನ್ನು ಎಳೆದುಬಿಟ್ಟರು. ಏರಿಕೆ ಕ್ರಮದಲ್ಲಿ ನಟ್ಟನಡುವಿನದು, ಅಂದರೆ ಐದನೆಯದು, ಮಧ್ಯಾಂಕ: 6. ಸಾಮಾನ್ಯ ರೈತರ ಮಾತಾದರೆ 6 ಹೇಳಿ. ಟ್ಯಾಂಕರ್ ಎಷ್ಟು ದೊಡ್ಡದು ಬೇಕೆಂಬ ಮಾತಾದರೆ 40ನ್ನು ಬಿಡುವಂತಿಲ್ಲ.

ಹಂತ 4: ತೂಕದ ಸರಾಸರಿ
ಹೊಸಬರು ಹೆಚ್ಚು ಎಡವುವುದು ಇಲ್ಲೇ. ಒಬ್ಬರದು 40 ಲೀಟರ್, ಫ್ಯಾಟ್ 3.6. ಇನ್ನೊಬ್ಬರದು 5 ಲೀಟರ್, ಫ್ಯಾಟ್ 4.5. ಎರಡು ಫ್ಯಾಟ್ ಕೂಡಿ ಎರಡರಿಂದ ಭಾಗಿಸಿದರೆ 4.05. ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಪರೀಕ್ಷೆ ಮಾಡಿ, 4.05 ಬರುವುದಿಲ್ಲ. 40ನ್ನು 3.6ರಿಂದ ಗುಣಿಸಿ: 144. 5ನ್ನು 4.5ರಿಂದ: 22.5. ಒಟ್ಟು 166.5ನ್ನು 45ರಿಂದ ಭಾಗಿಸಿದರೆ 3.7. ಕ್ಯಾನು ಹೇಳುವುದೂ ಇದನ್ನೇ. ಶೇಕಡಾವಾರು ಅಂಕಿಗಳ ಸರಾಸರಿ ಕಂಡಲ್ಲೆಲ್ಲ, ಅದು ಪರೀಕ್ಷಾ ಫಲಿತಾಂಶವಾಗಲಿ ಮತದಾನವಾಗಲಿ, ಪ್ರತಿ ಶೇಕಡಾದ ಹಿಂದೆ ಎಷ್ಟು ಜನ, ಎಷ್ಟು ಲೀಟರ್ ಎಂದು ಕೇಳಿ.

ಹಂತ 5: ಏರಿಳಿತ
ಒಂದು ಹಸುವಿನ ಐದು ದಿನದ ಹಾಲು: 6, 7, 8, 9, 10. ಸರಾಸರಿ 8. ಅದರಿಂದ ಪ್ರತಿ ದಿನದ ಅಂತರ ತೆಗೆದು ವರ್ಗ ಮಾಡಿ ಕೂಡಿದರೆ 10. ಇದು ಮಾದರಿ ಮಾತ್ರವಾದ್ದರಿಂದ ಐದರ ಬದಲು ನಾಲ್ಕರಿಂದ ಭಾಗಿಸಿ: 2.5. ಅದರ ವರ್ಗಮೂಲ ಸುಮಾರು 1.6 ಲೀಟರ್, ಇದೇ ಮಾನಕ ವಿಚಲನೆ. ದಿನವೂ ಎಂಟೇ ಲೀಟರ್ ಕೊಡುವ ಹಸುವಿನ ಸರಾಸರಿಯೂ 8, ವಿಚಲನೆ ಮಾತ್ರ ಸೊನ್ನೆ. ಅಂದಹಾಗೆ, ಇರುವ ಅಂಕಿಯಿಂದ ಮಾಡುವ ಅಂದಾಜು ಹೆಚ್ಚೆಂದರೆ ಎಷ್ಟು ನಿಖರವಾಗಬಲ್ಲದು ಎಂಬುದಕ್ಕೆ 1945ರಲ್ಲೇ ಗಣಿತದ ಮಿತಿ ತೋರಿಸಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಹಂತ 6: ಸಹಸಂಬಂಧ
ಲೀಟರ್ ಒಂದು ಅಕ್ಷಕ್ಕೆ, ಫ್ಯಾಟ್ ಇನ್ನೊಂದಕ್ಕೆ ಇಟ್ಟು ಚುಕ್ಕಿ ಹಾಕಿ. ಹಾಲು ಹೆಚ್ಚಿದಂತೆ ಫ್ಯಾಟ್ ಇಳಿಯುವುದು ಕಾಣಬಹುದು. ಹಾಗೆಂದು ಹಾಲು ಕಡಿಮೆ ಕರೆದರೆ ಫ್ಯಾಟ್ ಏರುತ್ತದೆಂದು ವರದಿ ಬರೆದುಬಿಡಬೇಡಿ. ಸೀಮೆ ಹಸುವಿಗೆ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ನಾಟಿ ಹಸುವಿಗೆ ತಿರುಗುಮುರುಗು. ರಾತ್ರಿಯ ಬಿಡುವು ಉದ್ದವಾದ್ದರಿಂದ ಬೆಳಗಿನ ಹಾಲು ಸಾಮಾನ್ಯವಾಗಿ ಜಾಸ್ತಿ, ಫ್ಯಾಟ್ ಸಂಜೆಯದಕ್ಕಿಂತ ಕಡಿಮೆ. ತಳಿಯನ್ನೂ ಹೊತ್ತನ್ನೂ ಬೇರೆ ಬೇರೆ ಮಾಡಿ ಚುಕ್ಕಿಚಿತ್ರ ಮತ್ತೆ ಬರೆಯಿರಿ. ಆಗಲೂ ಇಳಿಜಾರು ಉಳಿದರೆ ಅದರ ಕಾರಣ ಹುಡುಕಬಹುದು.