ಗುಂಡಿನ ಸದ್ದಿನ ಹಿಂದೆಯೇ ಬರುವ ವದಂತಿ: ನಿಮ್ಮ ಹಕ್ಕು, ನಿಮ್ಮ ಹೊಣೆ

2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ನಡೆಯಿತು. ದೆಹಲಿ ಐಐಟಿಯ ಪ್ರಾಧ್ಯಾಪಕ ಎಂ.ಸಿ. ಪುರಿ ಅಸುನೀಗಿದರು. 2011ರಲ್ಲಿ ನ್ಯಾಯಾಲಯ ಕೆಲವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇದೇ ಪ್ರಕರಣದಲ್ಲಿ 2017ರಲ್ಲಿ ತ್ರಿಪುರಾದಿಂದ ಬಂಧಿಸಿ ತಂದಿದ್ದ ವ್ಯಕ್ತಿಯ ವಿರುದ್ಧ ಸಾಕ್ಷ್ಯವಿಲ್ಲವೆಂದು 2021ರಲ್ಲಿ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಅಷ್ಟರಲ್ಲಿ ಆತನ ನಾಲ್ಕು ವರ್ಷ ಜೈಲಿನಲ್ಲೇ ಕಳೆದಿತ್ತು. ಶಿಕ್ಷೆಯನ್ನೂ ಬಿಡುಗಡೆಯನ್ನೂ ತೀರ್ಮಾನಿಸಿದ್ದು ಸಾಕ್ಷ್ಯ; ಯಾರ ಧರ್ಮವೂ ಅಲ್ಲ.

ನಮ್ಮ ಸೀಮೆಯಲ್ಲೂ ಇದರ ಪಾಠವಿದೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ವಿಷಪ್ರಸಾದ ತಿಂದು 17 ಮಂದಿ ಸತ್ತರು. ಪ್ರಸಾದದಲ್ಲಿ ಪತ್ತೆಯಾದದ್ದು ಬೆಳೆಗೆ ಹೊಡೆಯುವ ಔಷಧಿ. ದೇವಸ್ಥಾನದ ಟ್ರಸ್ಟಿನ ಹಿಡಿತಕ್ಕಾಗಿ ಈ ಕೃತ್ಯ ನಡೆಯಿತೆಂಬುದು ಪೊಲೀಸರು ಹೊರಿಸಿದ ಆರೋಪ. ಕೃತ್ಯದ ಉದ್ದೇಶ ತಿಳಿಯುವುದು ತನಿಖೆಯಿಂದ, ಊಹೆಯಿಂದಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರಿನ ಎಷ್ಟೋ ಮಕ್ಕಳು ಮೈಸೂರು, ಬೆಂಗಳೂರಿನ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಕ್ಯಾಂಪಸ್ಸಿನಲ್ಲಿ ಗುಂಡು ಹಾರಿತೆಂಬ ಸುದ್ದಿ ಬಂದರೆ ಹೆತ್ತವರ ಕೈಕಾಲು ಆಡುವುದಿಲ್ಲ. ಆ ಹೊತ್ತಿಗೆ ಸರಿಯಾಗಿ, ‘ಇದು ಇಂಥ ಧರ್ಮದವರದೇ ಕೆಲಸ, ಎಲ್ಲರಿಗೂ ಕಳಿಸಿ’ ಎಂಬ ಧ್ವನಿಸಂದೇಶ ವಾಟ್ಸ್‌ಆ್ಯಪ್‌ ಗುಂಪಿಗೆ ಬಂದು ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಧರ್ಮದ ಹೆಸರಿನಲ್ಲಿ ಗುಂಪುಗಳ ನಡುವೆ ದ್ವೇಷ ಬಿತ್ತುವುದು ಅದರ ಕಲಂ 196ರಡಿ ಅಪರಾಧ. ಅದೇ ಉದ್ದೇಶದಿಂದ ಸುಳ್ಳು ಸುದ್ದಿ, ವದಂತಿ ಹರಡುವುದು ಕಲಂ 353ರಡಿ ಬರುತ್ತದೆ. ಮೊಬೈಲ್‌ ಮೂಲಕ ಹರಡಿದರೂ ಅಷ್ಟೇ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಪೂಜಾಸ್ಥಳದಲ್ಲಿ ಎಸಗಿದರೆ ಐದು ವರ್ಷದವರೆಗೆ ಜೈಲು.

ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ತನಿಖೆ ಏಕೆ ತಡವಾಯಿತೆಂದು ಕೇಳುವುದು, ಪೊಲೀಸರನ್ನು ಟೀಕಿಸುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ನಿಜವೆಂದು ನಂಬಲು ತಕ್ಕ ಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಹೇಳಿದ ಮಾತಿಗೆ ಕಲಂ 353ರಲ್ಲೇ ವಿನಾಯಿತಿ ಇದೆ. ಗುಂಪಿನ ಅಡ್ಮಿನ್‌ ಎಂಬ ಒಂದೇ ಕಾರಣಕ್ಕೆ ಬೇರೆಯವರ ಸಂದೇಶದ ಹೊಣೆ ಬರುವುದಿಲ್ಲವೆಂದು ಕೇರಳ ಹೈಕೋರ್ಟ್‌ 2022ರಲ್ಲಿ ಹೇಳಿದೆ.

ದೂರು ಕೊಡುವುದು ಹೇಗೆ?

1. ಸಂದೇಶ ಅಳಿಸಬೇಡಿ, ಮುಂದಕ್ಕೂ ಕಳಿಸಬೇಡಿ. ಕಳಿಸಿದವರ ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್‌ ಇಟ್ಟುಕೊಳ್ಳಿ. ಮೂಲ ಸಂದೇಶವಿರುವ ಮೊಬೈಲ್‌ ಜೋಪಾನ.
2. ಯಾರದಾದರೂ ಮನೆ, ಅಂಗಡಿಯ ಮುಂದೆ ಜನ ಸೇರುತ್ತಿದ್ದರೆ ತಕ್ಷಣ 112ಕ್ಕೆ ಕರೆ ಮಾಡಿ.
3. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಇ-ಮೇಲ್‌ ಮೂಲಕ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು.
4. ಇಂಥ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಅವಕಾಶವಿದೆ. ಎಫ್‌ಐಆರ್‌ ಆದರೆ ಅದರ ಪ್ರತಿ ಉಚಿತ, ಕೇಳಿ ಪಡೆಯಿರಿ.
5. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಚಾಮರಾಜನಗರದ ಜಿಲ್ಲಾ ಪೊಲೀಸ್‌ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ದ್ವೇಷ ಭಾಷಣ ಮಾಡಿದವರು ಯಾವ ಧರ್ಮದವರೇ ಆಗಿರಲಿ, ದೂರಿಗೆ ಕಾಯದೆ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್‌ 2023ರ ಏಪ್ರಿಲ್‌ 28ರಂದು ಎಲ್ಲ ರಾಜ್ಯಗಳಿಗೂ ಸೂಚಿಸಿದೆ.

ನಿಮ್ಮ ಮೇಲೆಯೇ ದೂರು ಬಂದರೆ?

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವೆನಿಸದಿದ್ದರೆ ಪೊಲೀಸರು ನೋಟಿಸ್‌ ಕೊಡಬೇಕು. ಕರೆದ ದಿನ ಹಾಜರಾಗಿ; ಆಗ ಲಿಖಿತ ಕಾರಣವಿಲ್ಲದೆ ಬಂಧಿಸುವಂತಿಲ್ಲ. ಬಂಧಿಸಿದರೆ ಕಾರಣ ತಿಳಿಯುವ, ಮನೆಯವರಿಗೆ ಸುದ್ದಿ ಮುಟ್ಟಿಸುವ, ವಕೀಲರನ್ನು ಕಾಣುವ ಹಕ್ಕು ನಿಮಗಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕುಗ್ಗಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಸಾವಿಗೆ ನ್ಯಾಯ ಸಿಗಬೇಕೆಂದು ಕೇಳುವವರು ತನಿಖೆಗೆ ಸಾಕ್ಷ್ಯ ಕೊಡಲಿ, ಪ್ರಶ್ನೆ ಕೇಳಲಿ, ಬೆನ್ನು ಹತ್ತಲಿ. ಕೃತ್ಯ ಎಸಗಿದವನ ಧರ್ಮದಲ್ಲಿ ಹುಟ್ಟಿದ ಕಾರಣಕ್ಕೆ ಪಕ್ಕದ ಬೀದಿಯವರನ್ನು ಹೊಣೆ ಮಾಡುವ ಹಕ್ಕನ್ನು ಮಾತ್ರ ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ.