ಬೆದ್ದಲು ರೈತನ ಅನ್ನವಸ್ತ್ರದ ಲೆಕ್ಕ

ಮೈಸೂರು ಸೀಮೆಯ ಬೆದ್ದಲು ಭೂಮಿಯಲ್ಲಿ ರಾಗಿ ಬೆಳೆದು ಜೀವಿಸತಕ್ಕ ಒಕ್ಕಲು ಮಕ್ಕಳಿಗೆ ಕಷ್ಟವು ಬರುವುದು ಬಿತ್ತನೆಯಲ್ಲಿ ಅಲ್ಲ, ಕೊಯ್ಲಿನಲ್ಲಿಯೂ ಅಲ್ಲ. ಕಣದಿಂದ ರಾಗಿಯನ್ನು ಮನೆಗೆ ತಂದ ಮೇಲೆ ಅದನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದರಲ್ಲಿ. ಬೆಳೆಯ ವಿಷಯವಾಗಿ ಅನೇಕ ಪತ್ರಿಕೆಗಳು ಹೊರಟಿವೆ. ಬೆಳೆದುದನ್ನು ಉಣ್ಣುವ ಮತ್ತು ಉಡುವ ವಿಷಯವಾಗಿ ಹೇಳುವವರು ಕಡಮೆ. ಇದು ಹೆಂಗಸರ ಕೆಲಸವೆಂದು ಗಂಡಸರು ಸುಮ್ಮನಿರುವುದುಂಟು. ಆದರೆ ರಾಗಿಯನ್ನು ಮಾರುವವನೂ ಸಾಲಕ್ಕೆ ಕೈಯೊಡ್ಡುವವನೂ ಯಜಮಾನನೇ ಆದುದರಿಂದ, ಈ ಲೆಕ್ಕವನ್ನು ಅವನೇ ಮೊದಲು ಕಲಿಯತಕ್ಕದ್ದು.

ಒಂದು ಸಂಸಾರವನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಮುದುಕಿಯಾದ ತಾಯಿ, ಹದಿನಾಲ್ಕು, ಒಂಬತ್ತು ಮತ್ತು ನಾಲ್ಕು ವರ್ಷದ ಮೂವರು ಮಕ್ಕಳು. ಭೂಮಿ ಮೂರು ಎಕರೆ ಬೆದ್ದಲು. ಪಲ್ಲ, ಕೊಳಗ, ಸೇರುಗಳ ಅಳತೆಯು ಊರಿಗೊಂದು ಬಗೆಯಾಗಿರುವುದರಿಂದ ಇಲ್ಲಿ ತೂಕದ ಲೆಕ್ಕವನ್ನೇ ಕೊಟ್ಟಿದೆ. ಆರಂಬ ಮಾಡುವ ಗಂಡಸಿಗೆ ದಿನಕ್ಕೆ 600 ಗ್ರಾಂ ರಾಗಿ, ಹೆಂಗಸಿಗೆ 450, ಮುದುಕಿಗೆ 300, ದೊಡ್ಡ ಹುಡುಗನಿಗೆ 400, ನಡುವಿನವಳಿಗೆ 300, ಸಣ್ಣ ಮಗುವಿಗೆ 150. ಅಂತು ದಿನಕ್ಕೆ 2 ಕಿಲೋ 200 ಗ್ರಾಂ. ವರ್ಷಕ್ಕೆ 803 ಕಿಲೋ ಆಯಿತು. ಬಿತ್ತನೆಗೆ 15 ಕಿಲೋ, ಹಬ್ಬ ಹರಿದಿನ, ನೆಂಟರಿಷ್ಟರು, ಕಳೆ ಕೊಯ್ಲಿನ ಆಳುಗಳ ಊಟ ಇವುಗಳಿಗೆ 82 ಕಿಲೋ ಇಟ್ಟರೆ ಒಟ್ಟು 900 ಕಿಲೋ. ಸಾಧಾರಣವಾದ ಮಳೆಯಲ್ಲಿ ಎಕರೆಗೆ 350 ಕಿಲೋ ಬಂದಿತೆಂದು ಇಟ್ಟುಕೊಂಡರೆ ಮೂರು ಎಕರೆಗೆ 1,050 ಕಿಲೋ. ಉಂಡು ಉಳಿಯತಕ್ಕದ್ದು 150 ಕಿಲೋ ಮಾತ್ರ.

ಈಗ ನಡೆಯುವುದೇನೆಂದರೆ, ಸಂಕ್ರಾಂತಿಯ ಹೊತ್ತಿಗೆ ರಾಗಿಯ ರಾಶಿಯನ್ನು ನೋಡಿದೊಡನೆ ಕೈ ಉದಾರವಾಗುತ್ತದೆ. ಬಟ್ಟೆಯ ಅಂಗಡಿಯ ಬಾಕಿ, ಜಾತ್ರೆ, ತಂಗಿಯ ಮದುವೆ ಎಂದು 400 ಕಿಲೋ ರಾಗಿಯು ಕಣದಲ್ಲಿಯೇ ಮಾರಾಟವಾಗುತ್ತದೆ. ಎಲ್ಲರೂ ಮಾರುವ ಕಾಲವಾದುದರಿಂದ ಬೆಲೆಯೂ ಇಳಿದಿರುತ್ತದೆ. ಉಳಿದ 650 ಕಿಲೋವಿನಲ್ಲಿ ಬಿತ್ತನೆ ಮತ್ತು ಮೇಲುಖರ್ಚಿನ 97 ಕಿಲೋ ಕಳೆದರೆ 553 ಕಿಲೋ. ದಿನಕ್ಕೆ 2 ಕಿಲೋ 200 ಗ್ರಾಮಿನಂತೆ ಅದು 251 ದಿವಸಕ್ಕೆ ಬರುತ್ತದೆ. ಸಂಕ್ರಾಂತಿಯಿಂದ ಎಣಿಸಿದರೆ ಭಾದ್ರಪದದ ಮಹಾಲಯ ಪಕ್ಷದ ಸುಮಾರಿಗೆ ವಾಡೆಯ ತಳ ಕಾಣುತ್ತದೆ. ಮುಂದೆ ಮಹಾನವಮಿ, ದೀಪಾವಳಿ; ಹೊಲದಲ್ಲಿ ರಾಗಿ ಇನ್ನೂ ತೆನೆಗಟ್ಟುತ್ತಿರುತ್ತದೆ. ಆಗ ರೈತನು ಕಾಳಿನ ಸಾಲಕ್ಕೆ ಹೋಗುತ್ತಾನೆ. ಒಂದಕ್ಕೆ ಒಂದೂವರೆಯಾಗಿ ಕಣದಲ್ಲಿ ಅಳೆದುಕೊಡುವ ಕರಾರಿನ ಮೇಲೆ 250 ಕಿಲೋ ತಂದರೆ, ನಾಲ್ಕು ತಿಂಗಳಿಗೆ 375 ಕಿಲೋ ತೆರಬೇಕು. ಇದು ವರ್ಷಕ್ಕೆ ನೂರಕ್ಕೆ ನೂರೈವತ್ತರ ಬಡ್ಡಿಯಾಯಿತು. ಹಣದ ಸಾಲಕ್ಕೆ ಇಷ್ಟು ಬಡ್ಡಿ ಎಂದರೆ ಯಾರೂ ಒಪ್ಪರು. ಕಾಳಿನ ಸಾಲವಾದುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ವರ್ಷ ಮಳೆ ಮೊದಲಿನಂತೆಯೇ ಆಗಿ 1,050 ಕಿಲೋ ಬೆಳೆದರೂ, ಸಾಲಕ್ಕೆ 375 ಹೋಗಿ ಮನೆಗೆ ಬರುವುದು 675. ಒಂದು ಕಾಳನ್ನೂ ಮಾರದೆ ಇದ್ದರೂ 225 ಕಿಲೋ ಕಡಮೆ ಬೀಳುತ್ತದೆ. ಮೂರನೆಯ ವರ್ಷ ಮಳೆಯು ಅರ್ಧಕ್ಕೆ ನಿಂತಿತೆಂದರೆ ಆ ಹೊಲವು ಅವನದಾಗಿ ಉಳಿಯುವುದು ಸಂಶಯ. ಹೀಗೆ ಭೂಮಿ ಕೈಬಿಟ್ಟವರಲ್ಲಿ ಸೋಮಾರಿಗಳನ್ನಾಗಲಿ ಕುಡುಕರನ್ನಾಗಲಿ ನಾನು ಹೆಚ್ಚಾಗಿ ಕಂಡಿಲ್ಲ. ಒಂದೇ ಒಂದು ವರ್ಷ ಕಣದಲ್ಲಿ ಲೆಕ್ಕ ತಪ್ಪಿದವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ.

ಆದುದರಿಂದ ಮಾಡತಕ್ಕದ್ದೇನೆಂದರೆ, ಮೊದಲು ವರ್ಷದ ಊಟವನ್ನೂ ಬಿತ್ತನೆಯನ್ನೂ ಅಳೆದು ವಾಡೆಗೆ ತುಂಬಿ, ಆಮೇಲೆ ಮಿಕ್ಕುದನ್ನು ಮಾರಬೇಕು. ಸರ್ಕೀಟಿನಲ್ಲಿ ಒಂದು ಊರಿಗೆ ಹೋಗಿದ್ದಾಗ ಒಬ್ಬ ಮುದುಕಿಯ ಮನೆಯಲ್ಲಿ ಕಂಡ ಉಪಾಯವನ್ನು ಇಲ್ಲಿ ಹೇಳಬಹುದು. ಆಕೆಗೆ ಓದು ಬರಹ ಬಾರದು. ಒಂದು ಬಿದಿರಿನ ಗಳುವಿಗೆ ಹನ್ನೆರಡು ಕಚ್ಚು ಹಾಕಿಟ್ಟುಕೊಂಡು, ಅಮಾವಾಸ್ಯೆಗೊಂದಾವರ್ತಿ ಅದನ್ನು ವಾಡೆಯೊಳಕ್ಕೆ ಇಳಿಬಿಟ್ಟು ರಾಗಿ ಎಷ್ಟು ಇಳಿದಿದೆಯೆಂದು ನೋಡುತ್ತಿದ್ದಳು. ಕಚ್ಚಿಗಿಂತ ಹೆಚ್ಚು ಇಳಿದಿದ್ದರೆ ಆ ತಿಂಗಳು ಮುದ್ದೆಯ ಗಾತ್ರ ಸ್ವಲ್ಪ ಕಿರಿದು, ಸೊಪ್ಪಿನ ಸಾರು ಸ್ವಲ್ಪ ಹೆಚ್ಚು. ಇದಕ್ಕಿಂತ ಉತ್ತಮವಾದ ಜಮಾಖರ್ಚಿನ ಪುಸ್ತಕವನ್ನು ನಾನು ನೋಡಿಲ್ಲ.

ರಾಗಿಯು ಮೇಲಾದ ಧಾನ್ಯವೇ ಸರಿ. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶವು 300 ಮಿಲಿಗ್ರಾಮಿಗೂ ಮೇಲ್ಪಟ್ಟು ಇರುತ್ತದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಸುಮಾರು. ಮಕ್ಕಳ ಎಲುಬಿಗೂ ಬಾಣಂತಿಯರಿಗೂ ಇದು ಅತ್ಯವಶ್ಯ. ಆದರೆ ಮೈಯನ್ನು ಬೆಳೆಸತಕ್ಕ ಸಾರಾಂಶವು ರಾಗಿಯಲ್ಲಿ ನೂರಕ್ಕೆ ಏಳರಷ್ಟು ಮಾತ್ರ. ಹುರುಳಿಯಲ್ಲಿ ಅದು ಇಪ್ಪತ್ತೆರಡರಷ್ಟು. ಅವರೆ ತೊಗರಿಗಳಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ಬರಿಯ ಮುದ್ದೆಯನ್ನು ಮೆಣಸಿನಕಾಯಿ ನೀರಿನಲ್ಲಿ ಅದ್ದಿ ಉಣ್ಣುವ ಮನೆಯಲ್ಲಿ ಹೊಟ್ಟೆ ತುಂಬಿದರೂ ಮಕ್ಕಳು ಸೊರಗುತ್ತಾರೆ. ಈ ಆರು ಜನಕ್ಕೆ ದಿನಕ್ಕೆ ಕಾಲು ಕಿಲೋ ಕಾಳು ಬೇಕು. ವರ್ಷಕ್ಕೆ ತೊಂಬತ್ತು ಕಿಲೋ ಮೇಲಾಯಿತು. ಇದನ್ನು ಅಂಗಡಿಯಿಂದ ಕೊಳ್ಳುವ ಶಕ್ತಿ ಬಡ ರೈತನಿಗಿಲ್ಲ. ಹೊಲದಲ್ಲಿಯೇ ಅಕ್ಕಡಿ ಸಾಲಿನಲ್ಲಿ ಬೆಳೆದುಕೊಳ್ಳಬೇಕು.

ಈ ವಿಷಯದಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ನೌಕರಿಗೆ ಸೇರಿದ ಹೊಸದರಲ್ಲಿ, ಕಾಲೇಜಿನ ಪಾಠ ಇನ್ನೂ ತಲೆಯಲ್ಲಿ ಬಿಸಿಯಾಗಿದ್ದಾಗ, ಅಕ್ಕಡಿ ಸಾಲುಗಳು ರಾಗಿಯ ಜಾಗವನ್ನು ತಿನ್ನುತ್ತವೆಂದು ಒಬ್ಬ ರೈತನಿಗೆ ಬರಿಯ ರಾಗಿಯನ್ನೇ ಬಿತ್ತುವಂತೆ ಹೇಳಿದೆನು. ಆ ವರ್ಷ ತೆನೆ ಬರುವ ಕಾಲಕ್ಕೆ ಮಳೆ ಹೋಯಿತು. ನೆರೆಯವನ ಹೊಲದಲ್ಲಿಯೂ ರಾಗಿ ಬಾಡಿತು; ಆದರೆ ಆಳಕ್ಕೆ ಬೇರಿಳಿಸುವ ತೊಗರಿಯೂ ಚಳಿಯ ಇಬ್ಬನಿಯಲ್ಲಿ ಹೂಬಿಡುವ ಅವರೆಯೂ ಅವನ ಮನೆಯನ್ನು ಕಾಪಾಡಿದುವು. ನನ್ನ ಮಾತು ಕೇಳಿದವನಿಗೆ ಹುಲ್ಲು ಮಾತ್ರ ಸಿಕ್ಕಿತು. ಆತನು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚಿನ ನಾಚಿಕೆಯಾಯಿತು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎಂಟಕ್ಕೆ ಎರಡು ಸಾಲು ತೊಗರಿ ಇರಲಿ. ಹೊಲದ ಒಂದು ಪಕ್ಕದಲ್ಲಿ ಹುಚ್ಚೆಳ್ಳಿನ ಕೆಲವು ಸಾಲು ಹಾಕಿದರೆ ಮನೆಗೆ ಎಣ್ಣೆಯೂ ಎತ್ತಿಗೆ ಹಿಂಡಿಯೂ ಆಯಿತು. ಮುಂಗಾರು ತಡವಾಗಿ ರಾಗಿ ಬಿತ್ತಲಾಗದ ತುಂಡು ನೆಲದಲ್ಲಿ ಹುರುಳಿಯನ್ನು ಚೆಲ್ಲಬೇಕು.

ಅಡಿಗೆಮನೆಯ ವಿಷಯದಲ್ಲಿ ನಮ್ಮ ಹೆಂಗಸರಿಗೆ ಹೇಳಿಕೊಡತಕ್ಕದ್ದು ಸ್ವಲ್ಪವೇ. ಸೊಪ್ಪು ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸಿದು ಅದರಿಂದಲೇ ಬಸ್ಸಾರು ಮಾಡುವ ಪದ್ಧತಿಯು ಬಹು ಶ್ರೇಷ್ಠವಾದುದು. ಸತ್ವವೆಲ್ಲ ಆ ನೀರಿನಲ್ಲಿಯೇ ಇಳಿದಿರುತ್ತದೆ. ಅನ್ನ ಮಾಡುವಾಗ ಮಾತ್ರ ಗಂಜಿಯ ತಿಳಿಯನ್ನು ಬಸಿದು ಬಚ್ಚಲಿಗೆ ಹಾಕುವುದೇಕೋ ತಿಳಿಯದು. ರಾಗಿಯ ಹಿಟ್ಟನ್ನು ಬಟ್ಟೆಯಲ್ಲಿ ಜಾಲಿಸಿ ತೌಡು ತೆಗೆಯುವ ನಾಜೂಕು ಕೆಲವು ಮನೆಗಳಲ್ಲಿ ಹೊಕ್ಕಿದೆ. ಅದರಿಂದ ತೂಕವೂ ಸತ್ವವೂ ಎರಡೂ ನಷ್ಟ. ಹಿತ್ತಿಲಲ್ಲಿ ಒಂದು ನುಗ್ಗೆಯ ಕೊಂಬೆಯನ್ನು ನೆಟ್ಟರೆ ಖರ್ಚಿಲ್ಲದೆ ವರ್ಷವೆಲ್ಲ ಸೊಪ್ಪು ದೊರೆಯುತ್ತದೆ. ಮಕ್ಕಳಿಗೆ ಬರುವ ಇರುಳುಗುರುಡಿಗೆ ಹಸುರು ಸೊಪ್ಪಿಲ್ಲದ ಊಟವೇ ಒಂದು ಮುಖ್ಯ ಕಾರಣ. ಕಳೆ ತೆಗೆಯುವಾಗ ಸಿಕ್ಕುವ ಅಣ್ಣೆಸೊಪ್ಪು, ಹೊನಗೊನೆ, ಕೀರೆ ಇವುಗಳನ್ನು ಬಡವರ ಸೊಪ್ಪೆಂದು ಹೀನಾಯ ಮಾಡಬಾರದು. ಸೊಪ್ಪಿನ ಜತೆಗೆ ನಿಂಬೆಯ ಹುಳಿ ಬಿದ್ದರೆ ಅದರಲ್ಲಿರುವ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆಯೇ ಟೀ ಕಾಫಿ ಕುಡಿದರೆ ಅದು ಹತ್ತುವುದು ಕಡಮೆಯಾಗುತ್ತದೆ. ಸಣ್ಣ ಮಕ್ಕಳಿಗೆ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಅಂಬಲಿಯು ಅಂಗಡಿಯ ಡಬ್ಬಿಯ ಹಿಟ್ಟಿಗಿಂತ ಯಾವ ವಿಧದಲ್ಲಿಯೂ ಕಡಮೆಯಲ್ಲ, ಬೆಲೆಯನ್ನಂತೂ ಹೋಲಿಸಲಾಗದು.

ಕಾಳನ್ನು ಕಾಪಾಡುವುದೂ ಉಳಿತಾಯವೇ. ರಾಗಿಗೆ ಹುಳು ಬೀಳುವುದು ಅಪರೂಪ. ಅವರೆ, ತೊಗರಿ, ಹುರುಳಿಗಳನ್ನು ಮಾತ್ರ ಹುಳುವು ನಾಲ್ಕು ತಿಂಗಳಲ್ಲಿ ಹಿಟ್ಟು ಮಾಡಿಬಿಡುತ್ತದೆ. ಅವನ್ನು ಹಲ್ಲಿನಲ್ಲಿ ಕಡಿದರೆ ಟಕ್ಕೆಂದು ಮುರಿಯುವಷ್ಟು ಒಣಗಿಸಿ, ಊಟದ ಕಾಳಿಗೆ ಕಿಲೋವಿಗೆ ಒಂದೆರಡು ಚಮಚ ಹರಳೆಣ್ಣೆಯನ್ನು ಸವರಿಡಬೇಕು. ಬಿತ್ತನೆಯ ಕಾಳಿಗೆ ಎಣ್ಣೆ ಬೇಡ; ಕೆಮ್ಮಣ್ಣು ಅಥವಾ ಜರಡಿಯಾಡಿದ ಬೂದಿ ಸಾಕು.

ಇನ್ನು ಹಗೇವು. ನೆಲದೊಳಗಿನ ಹಗೇವಿನಲ್ಲಿ ರಾಗಿಯು ಅನೇಕ ವರ್ಷ ಕೆಡದೆ ಇರುತ್ತದೆ. 1876ರಿಂದ 1878ರ ವರೆಗಿನ ದೊಡ್ಡ ಕ್ಷಾಮದಲ್ಲಿ ಈ ಸೀಮೆಗೆ ಆದ ಹಾನಿಯನ್ನು ನೆನೆದರೆ ಹಳೆಯ ರಾಗಿಯ ಬೆಲೆ ತಿಳಿಯುತ್ತದೆ. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷದ ಒಳಗೆ ನಿಂತಿತು. ಆದರೆ ಹಗೇವನ್ನು ತೆಗೆಯುವಾಗ ಬಹಳ ಎಚ್ಚರಿಕೆ ಬೇಕು. ಮುಚ್ಚಿದ ಹಗೇವಿನಲ್ಲಿ ಧಾನ್ಯದಿಂದ ಹೊರಟ ಕೆಟ್ಟ ಗಾಳಿಯು ತಳದಲ್ಲಿ ತುಂಬಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುತ್ತಾನೆ; ಅವನನ್ನು ಎತ್ತಲು ಇಳಿದ ತಮ್ಮನೂ ಬೀಳುತ್ತಾನೆ. ಬಾಯಿ ತೆರೆದು ಒಂದು ದಿವಸ ಪೂರ್ತಿ ಬಿಡಬೇಕು. ಆಮೇಲೆ ಉರಿಯುವ ದೀಪವನ್ನು ಹಗ್ಗದಲ್ಲಿ ತಳದವರೆಗೆ ಇಳಿಬಿಟ್ಟು ನೋಡಬೇಕು. ದೀಪವು ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಗಟ್ಟಿಗರು ಹಿಡಿದುಕೊಂಡ ಹೊರತು ಇಳಿಯಬಾರದು. ಗ್ರಾಮದ ಮುಖಂಡರು ಈ ಮಾತನ್ನು ಪ್ರತಿ ವರ್ಷವೂ ಡಂಗುರ ಹೊಡೆಯಿಸಿದರೂ ಹೆಚ್ಚಲ್ಲ.

ಬಟ್ಟೆಯ ವಿಷಯಕ್ಕೆ ಬರೋಣ. ರೈತನ ಮನೆಯಲ್ಲಿ ರೊಕ್ಕ ಕೊಟ್ಟು ಕೊಳ್ಳತಕ್ಕ ಪದಾರ್ಥಗಳಲ್ಲಿ ಉಪ್ಪು ಮೊದಲನೆಯದು, ಬಟ್ಟೆ ದೊಡ್ಡದು. ಮೇಲಿನ ಲೆಕ್ಕದಲ್ಲಿ ಉಳಿದ 150 ಕಿಲೋ ರಾಗಿ, ಚಳಿಗಾಲದಲ್ಲಿ ಮಾರಿದ ಹಸಿ ಅವರೆಕಾಯಿ, ಹಾಲು ಮೊಟ್ಟೆಯ ಚಿಲ್ಲರೆ ಇಷ್ಟರಲ್ಲಿಯೇ ಬಟ್ಟೆ ಆಗಬೇಕು. ಒಂದೇ ಜತೆ ಬಟ್ಟೆಯನ್ನು ಉಟ್ಟು ಹರಿಯುವ ತನಕ ಇನ್ನೊಂದನ್ನು ಕೊಳ್ಳದಿರುವುದು ಉಳಿತಾಯವೆಂದು ಬಹಳ ಮಂದಿ ತಿಳಿದಿದ್ದಾರೆ. ಇದು ತಪ್ಪು. ಬೆವರು ಕುಡಿದ ಬಟ್ಟೆಯು ಒಗೆಯದೆ ಇದ್ದರೆ ಬೇಗ ಲಡ್ಡಾಗುತ್ತದೆ. ಎರಡು ಜತೆಯನ್ನು ಸರದಿಯಲ್ಲಿ ಉಟ್ಟರೆ ಅವು ಒಂದರ ಎರಡರಷ್ಟಕ್ಕಿಂತ ಹೆಚ್ಚು ಕಾಲ ಬಾಳುತ್ತವೆ. ಎಂಟು ಮೊಳದ ಪಂಚೆಯಾಗಲಿ ಹದಿನಾರು ಮೊಳದ ಸೀರೆಯಾಗಲಿ ಅಂಚಿನ ಬಣ್ಣ ನೋಡಿ ಕೊಳ್ಳದೆ, ಬೆಳಕಿಗೆ ಹಿಡಿದು ನೇಯ್ಗೆ ನೋಡಿ ಕೊಳ್ಳಬೇಕು. ಗಂಜಿಯಿಂದ ಗಟ್ಟಿಯಾಗಿ ಕಾಣುವ ಬಟ್ಟೆಯನ್ನು ಎರಡು ಬೆರಳಿನಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಅಂತಹುದು ಒಂದು ಒಗೆತಕ್ಕೆ ಜಾಳಾಗುತ್ತದೆ. ಅಂಗಿಯ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆ ಹೊಲಿಸತಕ್ಕದ್ದು. ಮಕ್ಕಳ ಅಂಗಿ ಲಂಗಗಳಿಗೆ ನಾಲ್ಕು ಬೆರಳು ಮಡಿಕೆ ಒಳಗೆ ಬಿಟ್ಟರೆ ಎರಡು ವರ್ಷ ಇಳಿಸುತ್ತ ಹೋಗಬಹುದು. ನಾಲ್ಕು ಮನೆಯವರು ಸೇರಿ ಒಂದು ಥಾನನ್ನೇ ಕೊಂಡರೆ ಬೆಲೆಯಲ್ಲಿ ಸೋವಿ ಸಿಕ್ಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆಯನ್ನು ಕಡ ತರಬಾರದು. ಕಡದ ಬಟ್ಟೆಯ ಬೆಲೆ ಅಂಗಡಿಯವನು ಹೇಳಿದ್ದು.

ಕಂಬಳಿಯ ಮೇಲಿನ ಖರ್ಚು ಖರ್ಚಲ್ಲ. ಚಳ್ಳಕೆರೆ ಮೊದಲಾದ ಕಡೆ ಕುರುಬರು ನೇಯುವ ಕರಿಯ ಕಂಬಳಿಯು ಹೊದಿಕೆ, ಹಾಸಿಗೆ, ಮಳೆಯಲ್ಲಿ ಗೊಪ್ಪೆ, ಕಣದಲ್ಲಿ ಕಾಳು ಹಾಕುವ ಹಾಸು ಎಲ್ಲವೂ ಆಗುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ಹಾಕಿ, ಬೇವಿನ ಎಲೆಯೊಡನೆ ಮಡಿಸಿಟ್ಟರೆ ನುಸಿ ಹತ್ತದು. ನೂಲುವ ವಿಷಯದಲ್ಲಿ ಉತ್ಸಾಹಿಗಳು ಹೇಳುವಷ್ಟನ್ನು ನಾನು ಹೇಳಲಾರೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಖಾದಿಯ ಕೇಂದ್ರವು ಆರಂಭವಾಯಿತು. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಹೆಂಗಸರಿಗೆ ನಾಲ್ಕು ಕಾಸು ಬರುವುದಕ್ಕೆ ಇಂತಹ ಕೆಲಸವು ಒಳ್ಳೆಯದು. ಆದರೆ ಹತ್ತಿಯನ್ನು ದೂರದಿಂದ ತರಿಸಬೇಕಾದ ಊರಿನಲ್ಲಿ ರಾಟೆಯಿಂದಲೇ ಸಂಸಾರದ ಬಟ್ಟೆ ಆಗಿಬಿಡುವುದೆಂದು ನಂಬಬಾರದು.

ಕಡೆಯದಾಗಿ ಗ್ರಾಮದ ಯಜಮಾನರಿಗೆ. ಸಾಲದ ರಾಗಿಯ ಒಂದೂವರೆಯನ್ನು ತಪ್ಪಿಸಲು ಒಬ್ಬೊಬ್ಬ ರೈತನ ಲೆಕ್ಕಾಚಾರವು ಸಾಲದು. ಊರಿನಲ್ಲಿ ಒಂದು ಕಾಳಿನ ಉಗ್ರಾಣವಿರಬೇಕು. ನಲವತ್ತು ಮನೆಗಳ ಊರಿನಲ್ಲಿ ಒಳ್ಳೆಯ ಬೆಳೆಯಾದ ವರ್ಷ ಮನೆಗೆ 25 ಕಿಲೋವಿನಂತೆ ಕಣದಲ್ಲಿಯೇ ಎತ್ತಿದರೆ 1,000 ಕಿಲೋ ಆಗುತ್ತದೆ. ಮೇಲೆ ಹೇಳಿದಂತಹ ನಾಲ್ಕು ಸಂಸಾರಗಳು ಆ ವರ್ಷ ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಎಂಟಕ್ಕೆ ಒಂದರಂತೆ ಮೇಲಿಟ್ಟು ಹಿಂದಕ್ಕೆ ಅಳೆಯಿಸಿಕೊಂಡರೆ 250 ಕಿಲೋ ತಂದವನು 375ರ ಬದಲು 281 ಕಿಲೋ ಚಿಲ್ಲರೆ ಕೊಡುತ್ತಾನೆ. ಉಗ್ರಾಣವೂ ವರ್ಷಕ್ಕೆ 125 ಕಿಲೋ ಬೆಳೆಯುತ್ತದೆ. ಇದರಲ್ಲಿ ಇಲಿ ತಿಂದದ್ದನ್ನೂ ಒಣಗಿ ಇಳಿದ ತೂಕವನ್ನೂ ಕಳೆಯಬೇಕು. ಇಂತಹ ಉಗ್ರಾಣಗಳು ಕೆಟ್ಟುಹೋದದ್ದನ್ನೂ ನಾನು ನೋಡಿದ್ದೇನೆ. ಕಾರಣವು ಹೆಚ್ಚಾಗಿ ಒಂದೇ: ಬೀಗದ ಕೈ ಒಬ್ಬನ ಹತ್ತಿರ ಇದ್ದದ್ದು. ಬಾಗಿಲಿಗೆ ಎರಡು ಬೀಗ ಹಾಕಿ, ಒಂದು ಕೈಯನ್ನು ಮೇಲಿನ ಕೇರಿಯವರಲ್ಲಿಯೂ ಇನ್ನೊಂದನ್ನು ಕೆಳಗಿನ ಕೇರಿಯವರಲ್ಲಿಯೂ ಇಡತಕ್ಕದ್ದು. ಅಳೆಯುವ ದಿನ ಇಬ್ಬರೂ ಎದುರಿಗಿರಬೇಕು. ಕೊಟ್ಟ ಕಾಳಿನ ಲೆಕ್ಕವನ್ನು ಅಂದೇ ಚಾವಡಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಬೇಕು. ಯಜಮಾನರ ಮನೆಯವರು ತೆಗೆದುಕೊಂಡ ಕಾಳನ್ನು ಎಲ್ಲಕ್ಕಿಂತ ಮೊದಲು ಬರೆಯಿಸಬೇಕು.