ಎರಡು ಮೀಟರ್ ಅಗಲದ ಟ್ರಾನ್ಸಿಸ್ಟರ್: ಸ್ಪೈಸ್‌ನ ಸ್ಕೇಲ್ ಆಪ್ಷನ್ ಬಗ್ಗೆ ಒಂದು ಎಚ್ಚರಿಕೆ

ಬೆಂಗಳೂರಲ್ಲಿ ಯಾರಾದರೂ ‘ಮೂವತ್ತು ನಲವತ್ತು ಸೈಟು’ ಅಂದರೆ ‘ಮೂವತ್ತು ಏನು?’ ಅಂತ ನಾವು ಕೇಳೋದಿಲ್ಲ. ಅಡಿ ಅಂತ ಎಲ್ಲರಿಗೂ ಗೊತ್ತು. ಆದರೆ ಮೀಟರಿನಲ್ಲೇ ಯೋಚಿಸುವ ಒಬ್ಬರು ಅದನ್ನು ಕೇಳಿಸಿಕೊಂಡರು ಅಂದುಕೊಳ್ಳಿ. ಅವರ ಲೆಕ್ಕದಲ್ಲಿ ಉದ್ದ ಅಗಲ 3.28 ಪಟ್ಟು ಹೆಚ್ಚುತ್ತದೆ, ವಿಸ್ತೀರ್ಣ ಮಾತ್ರ ಸುಮಾರು 10.76 ಪಟ್ಟು! ಹೇಳದೇ ಬಿಟ್ಟ ಯೂನಿಟ್ಟು ವಿಸ್ತೀರ್ಣದಲ್ಲಿ ವರ್ಗವಾಗಿ ಹೊಡೆಯುತ್ತದೆ. ಸರ್ಕ್ಯೂಟ್ ಸಿಮ್ಯುಲೇಷನ್‌ನಲ್ಲಿ ಸ್ಕೇಲ್ ಆಪ್ಷನ್ ಮಾಡುವ ಕಿತಾಪತಿಯೂ ಇದೇ.

ಏನಿದು ಸ್ಕೇಲ್?

ಸ್ಪೈಸ್‌ನಲ್ಲಿ ಮಾಸ್‌ಫೆಟ್‌ನ ಅಗಲ (ಡಬ್ಲ್ಯೂ), ಉದ್ದ (ಎಲ್) ಎರಡಕ್ಕೂ ಮೂಲ ಯೂನಿಟ್ ಮೀಟರ್. ಅದಕ್ಕೇ ನಾವು ಲ್ಯಾಬ್‌ನಲ್ಲಿ ‘ಡಬ್ಲ್ಯೂ=2ಯು’ ಅಂತ ಬರೆಯುತ್ತೇವೆ; ಯು ಅಂದರೆ ಮೈಕ್ರೋ. ಪ್ರತಿ ಸಲ ಯು ಬರೆಯೋದು ಬೇಜಾರು ಅನ್ನುವವರಿಗೆ ಒಂದು ಸೌಕರ್ಯ ಇದೆ. ನೆಟ್‌ಲಿಸ್ಟ್‌ನಲ್ಲಿ ‘.ಆಪ್ಷನ್ ಸ್ಕೇಲ್=1ಯು’ ಅಂತ ಒಂದು ಸಾಲು ಹಾಕಿದರೆ ಆಮೇಲೆ ‘ಡಬ್ಲ್ಯೂ=2’ ಅಂದರೇ 2 ಮೈಕ್ರಾನ್. ಎನ್‌ಜಿಸ್ಪೈಸ್, ಎಚ್‌ಸ್ಪೈಸ್ ಎರಡರಲ್ಲೂ ಇದು ಇದೆ.

ತೊಂದರೆ ಶುರುವಾಗೋದು ಇದು ಗ್ಲೋಬಲ್ ಆದ್ದರಿಂದ. ಸಾಲು ಯಾವ ಫೈಲಿನಲ್ಲಿದ್ದರೂ ಸರಿ, ಇಡೀ ನೆಟ್‌ಲಿಸ್ಟ್‌ಗೆ ಅನ್ವಯಿಸುತ್ತದೆ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ ಬಿಡುಗಡೆ ಮಾಡಿದ ಸ್ಕೈ130 ಓಪನ್ ಪಿಡಿಕೆಯನ್ನು ನಮ್ಮಲ್ಲಿ ಬಹಳ ಜನ ಬಳಸುತ್ತೇವೆ. ಅದರ ಎನ್‌ಜಿಸ್ಪೈಸ್ ಲೈಬ್ರರಿಯ ಒಳಗೇ ಈ ಸಾಲು ಕೂತಿದೆ. ನೀವು ಬರೆದಿಲ್ಲ, ನೋಡಿಯೂ ಇಲ್ಲ, ಆದರೂ ಅದು ನಿಮ್ಮ ಸರ್ಕ್ಯೂಟ್‌ನ ಮೇಲೆ ಕೆಲಸ ಮಾಡುತ್ತಿರುತ್ತದೆ.

ಕೂಗಿ ಹೇಳುವ ತಪ್ಪು, ಸುಮ್ಮನಿರುವ ತಪ್ಪು

ಅಭ್ಯಾಸ ಬಲದಿಂದ ಸ್ಕೈ130 ಟ್ರಾನ್ಸಿಸ್ಟರ್‌ಗೆ ‘ಡಬ್ಲ್ಯೂ=1ಯು, ಎಲ್=0.15ಯು’ ಅಂತ ಬರೆದರೆ ಏನಾಗುತ್ತದೆ? ಮೈಕ್ರೋ ಎರಡು ಸಲ ಗುಣಿಸಿ ಅಗಲ 10⁻¹² ಮೀಟರ್ ಆಗುತ್ತದೆ, ಅಂದರೆ ಒಂದು ಪರಮಾಣುವಿಗಿಂತ ಚಿಕ್ಕದು. ಈ ಪಿಡಿಕೆಯ ಮಾಡೆಲ್‌ಗಳನ್ನು ಅಳತೆಯ ಪ್ರಕಾರ ಬಿನ್‌ಗಳಾಗಿ ವಿಂಗಡಿಸಿದ್ದಾರೆ. ಈ ಅಳತೆ ಯಾವ ಬಿನ್‌ಗೂ ಸೇರದ ಕಾರಣ ಸರಿಯಾದ ಮಾಡೆಲ್ ಹೆಸರು ಸಿಗಲಿಲ್ಲ ಅಂತ ಎರರ್ ಬರುತ್ತದೆ. ಎರರ್ ಬಂತಲ್ಲ, ಪುಣ್ಯ! ಇದು ಒಳ್ಳೇ ತಪ್ಪು.

ಕೆಟ್ಟ ತಪ್ಪು ಅಂದರೆ ಎರರ್ ಬಾರದ್ದು. ಬಿನ್ ಇಲ್ಲದ ಸರಳ ಲೆವೆಲ್ 1 ಮಾಡೆಲ್ ತಗೊಳ್ಳಿ. ಆಕ್ಸೈಡ್ ದಪ್ಪ 4 ನ್ಯಾನೋಮೀಟರ್, ಡಬ್ಲ್ಯೂ 2 ಮೈಕ್ರಾನ್, ಎಲ್ 1 ಮೈಕ್ರಾನ್, ಎಲ್‌ಡಿ ಸೊನ್ನೆ. ಸ್ಯಾಚುರೇಷನ್ ಕರೆಂಟ್ ಸೂತ್ರ ನೆನಪಿದೆಯಲ್ಲ? ಅದರಲ್ಲಿ ಬರುವುದು ಡಬ್ಲ್ಯೂ/ಎಲ್ ಅನುಪಾತ ಮಾತ್ರ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಾದರೆ ಅನುಪಾತ 2 ಆಗಿಯೇ ಇರುತ್ತದೆ. ಡಿಸಿ ಕರೆಂಟ್ ಪಕ್ಕಾ ಸರಿ! ಆದರೆ ಗೇಟ್ ಕೆಪ್ಯಾಸಿಟೆನ್ಸ್ ಬರುವುದು ಡಬ್ಲ್ಯೂ ಗುಣಿಸು ಎಲ್‌ನಿಂದ.

• ಅಳತೆ ಸರಿಯಿದ್ದಾಗ: ಸುಮಾರು 17 ಫೆಮ್ಟೋಫ್ಯಾರಡ್.
• ಸ್ಕೇಲ್ ಇದ್ದೂ ಯು ಬರೆದರೆ: ಅದರ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಲೋಡ್ ಇಲ್ಲವೇ ಇಲ್ಲ ಅಂದಂತೆ.
• ಸ್ಕೇಲ್ ಇಲ್ಲದೇ ‘ಡಬ್ಲ್ಯೂ=2, ಎಲ್=1’ ಅಂತ ಬರೆದರೆ: ಎರಡು ಮೀಟರ್ ಅಗಲದ ಟ್ರಾನ್ಸಿಸ್ಟರ್! ಅದರ ಗೇಟು ಸುಮಾರು 17,000 ಮೈಕ್ರೋಫ್ಯಾರಡ್, ಪವರ್ ಸಪ್ಲೈಯ ದೊಡ್ಡ ಡಬ್ಬಿ ಕೆಪ್ಯಾಸಿಟರ್‌ನಷ್ಟು.

ಮೂರರಲ್ಲೂ ಡಿಸಿ ಕರೆಂಟ್ ಒಂದೇ. ಸಿಮ್ಯುಲೇಟರ್ ನಗುವುದೂ ಇಲ್ಲ, ಹುಬ್ಬೇರಿಸುವುದೂ ಇಲ್ಲ.

ನಾವು ಬಿದ್ದ ಗುಂಡಿ

ನಾನು ಮತ್ತು ನನ್ನ ಪ್ರಾಜೆಕ್ಟ್ ಪಾರ್ಟ್ನರ್ ಸ್ಕೈ130ಯಲ್ಲಿ ರಿಂಗ್ ಆಸಿಲೇಟರ್ ಮಾಡುತ್ತಿದ್ದೆವು. ‘ಡಬ್ಲ್ಯೂ=1, ಎಲ್=0.15’ ಅಂತ ಸರಿಯಾಗಿಯೇ ಬರೆದಿದ್ದೆವು. ಡ್ರೇನ್ ವಿಸ್ತೀರ್ಣ (ಎಡಿ) ಮತ್ತು ಸುತ್ತಳತೆ (ಪಿಡಿ) ಮಾತ್ರ ಹಳೇ ಲ್ಯಾಬ್ ಫೈಲಿನ ಶೈಲಿಯಲ್ಲಿ ಹಾಕಿದೆವು: ‘ಎಡಿ=0.29ಪಿ, ಪಿಡಿ=2.58ಯು’. ಮೀಟರ್ ಲೆಕ್ಕದಲ್ಲಿ ಅದು ಸರಿ. ಆದರೆ ಸ್ಕೇಲ್ ವಿಸ್ತೀರ್ಣಕ್ಕೆ ವರ್ಗವಾಗಿ ಗುಣಿಸುತ್ತದೆ: 0.29ಪಿ ಹೋಗಿ 0.29×10⁻²⁴ ಚದರ ಮೀಟರ್ ಆಯಿತು. ಜಂಕ್ಷನ್ ಕೆಪ್ಯಾಸಿಟೆನ್ಸ್ ಮಾಯ!

ಡಿಸಿ ಸರಿ, ಇನ್ವರ್ಟರ್ ಕರ್ವ್ ಸರಿ, ಎರರ್ ಇಲ್ಲ. ಫ್ರೀಕ್ವೆನ್ಸಿ ಮಾತ್ರ ನಿರೀಕ್ಷೆಗಿಂತ ಜಾಸ್ತಿ. ನಾವೋ, ‘ಡಿಸೈನ್ ಸೂಪರ್ ಆಗಿದೆ’ ಅಂತ ಖುಷಿಪಟ್ಟೆವು. ಲೇಔಟ್ ಎಕ್ಸ್‌ಟ್ರಾಕ್ಟ್ ಮಾಡಿ ನೋಡಿದಾಗ ವೇಗ ದಢಾರನೆ ಇಳಿಯಿತು. ತಪ್ಪನ್ನು ವೈರ್‌ಗಳ ಮೇಲೆ ಹೊರಿಸಿ ಲೇಔಟ್ ಅನ್ನು ಎರಡು ಸಲ ಬದಲಿಸಿದೆವು, ವಾರ ಕಳೆಯಿತು. ಕೊನೆಗೆ ಗೈಡ್ ಸರ್, ‘ಒಂದು ನೋಡ್‌ನ ಕೆಪ್ಯಾಸಿಟೆನ್ಸ್ ಕೈಯಲ್ಲಿ ಲೆಕ್ಕ ಹಾಕಿ ತಗೊಂಬನ್ನಿ’ ಅಂದರು. ಹತ್ತು ನಿಮಿಷದ ಲೆಕ್ಕ. ಜಂಕ್ಷನ್ ಪಾಲು ಇರಲೇ ಇಲ್ಲ ಅನ್ನೋದು ಅಲ್ಲಿ ಗೊತ್ತಾಯಿತು. ಆ ಹಳೇ ಫ್ರೀಕ್ವೆನ್ಸಿ ಆಗಲೇ ನಮ್ಮ ರಿಪೋರ್ಟ್ ಡ್ರಾಫ್ಟ್‌ನಲ್ಲಿತ್ತು. ಸರ್ ಕೇಳದಿದ್ದರೆ ಅದೇ ಸಬ್ಮಿಟ್ ಆಗುತ್ತಿತ್ತು.

ಎರಡು ಸ್ಕೇಲ್ ಒಂದೇ ಮನೆಯಲ್ಲಿ

ಲೇಔಟ್ ಟೂಲ್ ಮ್ಯಾಜಿಕ್ ಕೊಡುವ ನೆಟ್‌ಲಿಸ್ಟ್‌ನಲ್ಲೂ ಸ್ಕೇಲ್ ಸಾಲು ಇರಬಹುದು. ಉದಾಹರಣೆಗೆ ‘ಸ್ಕೇಲ್=0.01ಯು’, ಕೆಳಗೆ ‘ಡಬ್ಲ್ಯೂ=35, ಎಲ್=23’. ಅಂದರೆ 0.35 ಮತ್ತು 0.23 ಮೈಕ್ರಾನ್. ಇದನ್ನು ಸ್ಕೇಲ್=1ಯು ಇರುವ ಲೈಬ್ರರಿ ಜೊತೆ ಸೇರಿಸಿದರೆ ಎರಡರಲ್ಲಿ ಒಂದೇ ಗೆಲ್ಲಬೇಕು. 1ಯು ಗೆದ್ದರೆ ಟ್ರಾನ್ಸಿಸ್ಟರ್ ಉದ್ದ ಅಗಲ 100 ಪಟ್ಟು, ವಿಸ್ತೀರ್ಣ 10,000 ಪಟ್ಟು. 0.01ಯು ಗೆದ್ದರೆ ಲೈಬ್ರರಿ ನಂಬಿ ಬರೆದ ಉಳಿದ ಭಾಗಗಳು ಅಷ್ಟೇ ಕುಗ್ಗುತ್ತವೆ. ಎನ್‌ಜಿಸ್ಪೈಸ್‌ನಲ್ಲಿ ಇದು ಮಾಸ್‌ಫೆಟ್‌ಗೆ ಮಾತ್ರ ಸೀಮಿತವೂ ಅಲ್ಲ. ಡಬ್ಲ್ಯೂ, ಎಲ್ ಕೊಟ್ಟು ಬರೆದ ರೆಸಿಸ್ಟರ್, ಕೆಪ್ಯಾಸಿಟರ್, ಡಯೋಡ್‌ಗಳಿಗೂ ತಟ್ಟುತ್ತದೆ.

ಹಾಗಾದರೆ ಲೈಬ್ರರಿಯ ಸಾಲನ್ನೇ ಅಳಿಸಿಬಿಡೋಣವಾ? ಬೇಡ. ಅದರೊಳಗಿನ ಮಿಸ್‌ಮ್ಯಾಚ್ ಸೂತ್ರಗಳು ಮೈಕ್ರಾನ್ ಅಂಕಿಗಳನ್ನೇ ನಂಬಿಕೊಂಡಿವೆ. ಲೈಬ್ರರಿ ಹಾಗೇ ಇರಲಿ, ನಮ್ಮ ಫೈಲನ್ನು ಅದಕ್ಕೆ ಹೊಂದಿಸೋಣ.

ಐದು ನಿಮಿಷದ ತಪಾಸಣೆ

1. ಹೊಸ ಲೈಬ್ರರಿ ಸಿಕ್ಕ ಕೂಡಲೇ ಅದರ ಎಲ್ಲ ಫೈಲ್‌ಗಳಲ್ಲಿ ‘ಸ್ಕೇಲ್’ ಪದ ಹುಡುಕಿ.
2. ಒಂದು ನೆಟ್‌ಲಿಸ್ಟ್‌ಗೆ ಒಂದೇ ಪದ್ಧತಿ. ಮೊದಲ ಸಾಲಲ್ಲಿ ‘ಅಳತೆ ಮೈಕ್ರಾನ್‌ನಲ್ಲಿ’ ಅಂತ ಕಾಮೆಂಟ್ ಬರೆಯಿರಿ.
3. ಒಂದು ಟ್ರಾನ್ಸಿಸ್ಟರ್‌ನ ಡಬ್ಲ್ಯೂ, ಎಲ್, ಎಡಿ ಪ್ರಿಂಟ್ ಮಾಡಿಸಿ. ಎನ್‌ಜಿಸ್ಪೈಸ್ ತೋರಿಸುವುದು ಸ್ಕೇಲ್ ಗುಣಿಸಿದ ಮೇಲಿನ ಬೆಲೆ. ಡಬ್ಲ್ಯೂ 10⁻⁶ರ ಆಸುಪಾಸು, ಎಡಿ 10⁻¹²ರ ಆಸುಪಾಸು ಇರಬೇಕು.
4. ಒಂದು ನೋಡ್‌ನ ಕೆಪ್ಯಾಸಿಟೆನ್ಸ್ ಅನ್ನು ಪೆನ್ನು ಹಿಡಿದು ಲೆಕ್ಕ ಹಾಕಿ.
5. ಡಿಸಿ ಸರಿ ಬಂತು ಅಂತ ಅಳತೆಯೂ ಸರಿ ಅಂದುಕೊಳ್ಳಬೇಡಿ.

ರಿಸಲ್ಟ್ ಕೆಟ್ಟದಾಗಿ ಬಂದರೆ ನಾವೆಲ್ಲ ತಪ್ಪು ಹುಡುಕುತ್ತೇವೆ. ಚೆನ್ನಾಗಿ ಬಂದಾಗಲೂ ಒಮ್ಮೆ ಹುಡುಕಿ ನೋಡಿ. ನಮ್ಮ ಒಂದು ವಾರ ಹೋಯಿತು, ನಿಮ್ಮದು ಉಳಿಯಲಿ.